ನಮ್ಮ ತೋಟದ ಮಂದ ಗಿಡ

ಗೋವಾದ ಫೋಂಡಾದಲ್ಲಿರುವ ನಮ್ಮ ಮನೆಗೆ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಆ ಮರ ಬೀಳಲ್ವಾ?"

ಬೀಳಲ್ಲ. ಅದು ವಾಲಿಕೊಂಡೇ ಹದಿನೇಳು ವರ್ಷ ನಿಂತಿದೆ. ಪಕ್ಕದ ಮನೆಯ ಆಂಟಿ ಒಂದು ಕ್ರಿಸ್‌ಮಸ್‌ಗೆ ಕುಂಡದಲ್ಲಿ ತಂದು, ನಕ್ಷತ್ರ, ಬಣ್ಣದ ದೀಪ ಎಲ್ಲ ಕಟ್ಟಿದ್ದರು. ಜನವರಿ 6ರ ಮೂರು ರಾಜರ ಹಬ್ಬ ಮುಗಿಯಿತು. ದೀಪ ಬಿಚ್ಚಿದರು. ಕುಂಡ ಎತ್ತಿಕೊಂಡು ಬಂದು ನಮ್ಮ ಗೇಟಿನ ಒಳಗಿಟ್ಟರು. "ನಿಮಗೆ ಜಾಗ ಜಾಸ್ತಿ ಇದೆ, ಇಟ್ಕೊಳ್ಳಿ" ಅಂದರು. ಸೊಂಟದವರೆಗೆ ಇದ್ದ ಗಿಡ. ಈಗ ನಮ್ಮ ತೆಂಗಿನ ಮರಗಳ ತಲೆಗೆ ತಲೆ ಕೊಟ್ಟಿದೆ. ಮಂದ ಗಿಡ ಇದಲ್ಲ, ಆದರೆ ಅದು ನಮ್ಮ ತೋಟಕ್ಕೆ ಬಂದದ್ದು ಇದರ ದೆಸೆಯಿಂದಲೇ.

ಅದು ವಾಲಿರುವುದು ದಕ್ಷಿಣಕ್ಕೆ. ಅಂದರೆ ಕಾರವಾರದ ಕಡೆಗೆ. ನಾನು ಅದೇ ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರದವಳು. "ನಿನ್ನ ಕೈಯಲ್ಲಿ ನೀರು ಕುಡಿದದ್ದಕ್ಕೆ ಅದಕ್ಕೂ ತವರಿನ ನೆನಪು" ಅಂತ ನಮ್ಮನೆಯವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ನಾನೂ ಒಳಗೊಳಗೇ ಖುಷಿಪಡುತ್ತಿದ್ದೆ. ಆಮೇಲೆ ಗೊತ್ತಾಯಿತು, ಈ ಮರದ ಜಾತಿಗೇ ಇದು ಚಾಳಿ. ಇದರ ಹೆಸರು ಕುಕ್ ಪೈನ್, ಅರಕೇರಿಯಾ ಕೊಲಮ್ನಾರಿಸ್. ಊರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ. 1774ರಲ್ಲಿ ಕ್ಯಾಪ್ಟನ್ ಕುಕ್ ಆ ದ್ವೀಪಕ್ಕೆ ಹೋಗಿದ್ದ, ಅವನ ಹೆಸರೇ ಅಂಟಿಕೊಂಡಿತು. 2017ರಲ್ಲಿ ಕೆಲವು ಸಂಶೋಧಕರು ಐದು ಖಂಡಗಳಲ್ಲಿ ಈ ಜಾತಿಯ 256 ಮರಗಳನ್ನು ಅಳೆದರು. ಸರಾಸರಿ 8.55 ಡಿಗ್ರಿ ವಾಲಿಕೊಂಡಿದ್ದವು. ಭೂಮಧ್ಯರೇಖೆಯ ಉತ್ತರಕ್ಕೆ ಇದ್ದವು ದಕ್ಷಿಣಕ್ಕೆ, ದಕ್ಷಿಣಕ್ಕೆ ಇದ್ದವು ಉತ್ತರಕ್ಕೆ. ನಮ್ಮ ಮರವನ್ನು ಕಾರವಾರದಲ್ಲೇ ನೆಟ್ಟಿದ್ದರೂ ಅದು ಇನ್ನೂ ದಕ್ಷಿಣಕ್ಕೇ ವಾಲುತ್ತಿತ್ತು. ತವರಿನ ಕತೆ ಅಲ್ಲಿಗೆ ಮುಗಿಯಿತು. ನಮ್ಮನೆಯವರು ಮಾತ್ರ ಈಗಲೂ ಹೇಳುತ್ತಾರೆ.

ಅವತ್ತು ಮಗಳು ಅದನ್ನೆಲ್ಲ ಓದಿ ಹೇಳಿ, ಒಂದು ಪ್ರಶ್ನೆ ಕೇಳಿದಳು. "ಅಮ್ಮಾ, ನಮ್ಮದೇ ಕೋನಿಫರ್ ಒಂದೂ ಇಲ್ವಾ? ಎಲ್ಲ ಹೊರಗಿನದೇನಾ?" ಕೋನಿಫರ್ ಅಂದರೆ ಪೈನ್, ದೇವದಾರುಗಳ ಗುಂಪು, ಹೂ ಬಿಡದೆ ಬೀಜ ಕಟ್ಟುವ ಮರಗಳು.

ಉತ್ತರ ಗೊತ್ತಿದೆ ಅಂದುಕೊಂಡಿದ್ದೆ. ದೇವದಾರು ಇಲ್ವಾ, ಹಿಮಾಲಯದ ಪೈನ್ ಇಲ್ವಾ. "ಹಿಮಾಲಯ ಅಲ್ಲಮ್ಮಾ, ಇಲ್ಲಿ. ಘಟ್ಟದಲ್ಲಿ." ಅದಕ್ಕೆ ಸುಮ್ಮನಾದೆ.

ಶಾಲೆಯ ಭೂಗೋಳದ ಪುಸ್ತಕದಲ್ಲಿ 'ಸೂಚಿಪರ್ಣ ಕಾಡುಗಳು' ಅಂತ ಒಂದು ಪಾಠ ಇರುತ್ತಿತ್ತು. ಹಿಮ, ಸೂಜಿಯಂಥ ಎಲೆ, ಮೇಲೆ ಚೂಪು ಕೆಳಗೆ ಅಗಲ ಇರುವ ಮರ. ನಮ್ಮ ಕಣ್ಣಿಗೆ ಕೋನಿಫರ್ ಅಂದರೆ ಆ ಚಿತ್ರವೇ. ಹಾಗಾಗಿ ಸೂಜಿ ಕಂಡಲ್ಲೆಲ್ಲ ಪೈನ್ ಅಂದುಬಿಡುತ್ತೇವೆ. ಕಾರವಾರದ ಕಡಲ ದಂಡೆಯ ಗಾಳಿ ಮರ ಇದೆಯಲ್ಲ, ಅದಕ್ಕೂ ಸೂಜಿ, ಅದಕ್ಕೂ ಸಣ್ಣ ಕಾಯಿ. ಆದರೆ ಅದು ಕೋನಿಫರ್ ಅಲ್ಲವೇ ಅಲ್ಲ, ಹೂ ಬಿಡುವ ಮರ. ಸೂಜಿಯ ಹಾಗೆ ಕಾಣುವುದು ಎಲೆಯಲ್ಲ, ಗಂಟು ಗಂಟಾದ ಹಸಿರು ಕಡ್ಡಿ. ಎಲೆಗಳು ಆ ಗಂಟಿನ ಸುತ್ತ ಸಣ್ಣ ಹಲ್ಲುಗಳಾಗಿ ಉಳಿದಿವೆ. ಅದೂ ನಮ್ಮ ಕರಾವಳಿಯದ್ದಲ್ಲ, ಬ್ರಿಟಿಷರ ಕಾಲದಲ್ಲಿ ತಂದು ನೆಟ್ಟದ್ದು. ಇನ್ನು ಮಕ್ಕಳು ಪುಸ್ತಕದಲ್ಲಿ ಇಡುವ ವಿದ್ಯೆ ಎಲೆ, ಅಂದರೆ ಮೋರ್‌ಪಂಖಿ. ಅದು ನಿಜವಾದ ಕೋನಿಫರ್, ಆದರೆ ಮೂಲ ಚೀನಾದ ಕಡೆಯದು. ನಾನು ಏಳನೇ ಕ್ಲಾಸಿನಲ್ಲಿ ಗಣಿತದ ಪುಸ್ತಕದ ತುಂಬ ಅದನ್ನು ಇಟ್ಟಿದ್ದೆ. ವಿದ್ಯೆ ಹತ್ತಲಿಲ್ಲ.

ದೇವದಾರು ಅನ್ನುವ ಹೆಸರಿನದೂ ಇದೇ ಗೋಜಲು. ನಮ್ಮ ಬಯಲುಸೀಮೆಯ ಒಣ ಕಾಡಿನ ಒಂದು ಸಣ್ಣ ಗಿಡಕ್ಕೂ ದೇವದಾರು ಅನ್ನುತ್ತಾರೆ. ಅದಕ್ಕೂ ಹಿಮಾಲಯದ್ದಕ್ಕೂ ನೆಂಟಸ್ತಿಕೆ ಏನೂ ಇಲ್ಲ. ಹಿಮಾಲಯದ್ದನ್ನು ನಾನು ಒಮ್ಮೆ ಬೆಳೆಸಲು ನೋಡಿದ್ದೆ, ಒಪ್ಪಿಕೊಂಡುಬಿಡುತ್ತೇನೆ. ಹಿಮಾಚಲಕ್ಕೆ ಹೋದಾಗ ನರ್ಸರಿಯಿಂದ ಒಂದು ಸಸಿ ತಂದೆ. ಒಂದೂವರೆ ಸಾವಿರ ಮೀಟರಿನ ಮೇಲೆ, ಚಳಿಯಲ್ಲಿ ಬದುಕುವ ಮರ. ಅದನ್ನು ಗೋವಾದ ಮೇ ತಿಂಗಳಿಗೆ ತಂದು ನಿಲ್ಲಿಸಿದರೆ? ಮೇ ಹೇಗೋ ಕಳೆಯಿತು. ಜುಲೈ ಮಳೆಗೆ ಬೇರು ಕೊಳೆಯಿತು. ಎಳೆದಾಗ ಮೂಲಂಗಿ ಕಿತ್ತ ಹಾಗೆ ಬಂತು.

ಹುಡುಕುತ್ತಾ ಹೋದಾಗ ಒಂದು ಮರದ ಹೆಸರು ಸಿಕ್ಕಿತು. ನಾಗೇಯಾ ವಾಲಿಚಿಯಾನಾ. ಹಳೆಯ ಪುಸ್ತಕಗಳಲ್ಲಿ ಪೋಡೋಕಾರ್ಪಸ್ ವಾಲಿಚಿಯಾನಸ್. ಕಲ್ಕತ್ತಾದ ಸಸ್ಯೋದ್ಯಾನ ನೋಡಿಕೊಂಡಿದ್ದ ಡೇನಿಶ್ ವೈದ್ಯ ನಥಾನಿಯಲ್ ವಾಲಿಚ್‌ನ ಹೆಸರು ಅದು. ಕೇರಳದಲ್ಲಿ ನಿರಂಪಲ್ಲಿ ಅನ್ನುತ್ತಾರೆ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಕೋನಿಫರ್ ಇದೊಂದೇ. ಬರೀ ಒಂದು! ಆನಮಲೈ, ಪೆರಿಯಾರ್, ಅಗಸ್ತ್ಯಮಲೈ ಕಡೆಯ ನಿತ್ಯಹಸಿರು ಕಾಡಿನಲ್ಲಿ, ಹೆಚ್ಚಾಗಿ ಸಾವಿರ ಮೀಟರಿನ ಆಸುಪಾಸಿನ ಎತ್ತರದಲ್ಲಿ, ಅಲ್ಲೊಂದು ಇಲ್ಲೊಂದು. ಅದೇ ಜಾತಿ ಮತ್ತೆ ಕಾಣುವುದು ಈಶಾನ್ಯ ಭಾರತದಲ್ಲಿ, ನಿಕೋಬಾರಿನಲ್ಲಿ, ಬರ್ಮಾ ದಾಟಿ ನ್ಯೂಗಿನಿಯವರೆಗೆ. ಇದರ ಕುಟುಂಬದ ಹೆಚ್ಚಿನವರೆಲ್ಲ ಭೂಮಧ್ಯರೇಖೆಯ ಆಚೆ, ನ್ಯೂಜಿಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕದ ಕಡೆ ಇದ್ದಾರೆ. ಹಿಮಾಲಯದ ಪೈನ್‌ಗಳಿಗೆ ಇದು ದೂರದ ದಾಯಾದಿ ಅಷ್ಟೇ.

ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರು ಅಲ್ಲಿ ಕಲ್ಲಾದ ಮರದ ಕಾಂಡವೊಂದನ್ನು ನೋಡಿರುತ್ತೀರಿ. ತಮಿಳುನಾಡಿನ ತಿರುವಕ್ಕರೈಯಿಂದ ತಂದದ್ದು, 2 ಕೋಟಿ ವರ್ಷ ಹಳೆಯದು. ತಿರುವಕ್ಕರೈಯಲ್ಲಿ ಹೂ ಬಿಡುವ ಮರಗಳ ಜೊತೆಗೆ ಕೋನಿಫರ್‌ಗಳ ಕಾಂಡಗಳೂ ಕಲ್ಲಾಗಿ ಮಲಗಿವೆ. ಅಂದರೆ ದಕ್ಷಿಣದಲ್ಲಿ ಇವು ಒಂದು ಕಾಲಕ್ಕೆ ಇದ್ದವು. ಚಿಕ್ಕವಳಿದ್ದಾಗ ಆ ಕಲ್ಲಿನ ಮುಂದೆ ಐಸ್‌ಕ್ಯಾಂಡಿ ತಿಂದದ್ದು ನೆನಪಿದೆ. ಮರ ನೆನಪಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಾಗೇಯಾ ಘಟ್ಟದ ಮರ, ಗೋವಾದ ಮರವಲ್ಲ. ಯಾರಾದರೂ ಗೋವಾದಲ್ಲಿ ಊರಿನ ಮರ ನೆಡಬೇಕು ಅಂತ ಕೇಳಿದರೆ ನಾನು ಮೊದಲು ಹೇಳುವುದು ಮತ್ತಿ. ಅದು ಈ ರಾಜ್ಯದ ಮರ, ಹೆಸರೂ ನಮ್ಮದೇ. ಆಮೇಲೆ ಮುರುಗಲು. ನರ್ಸರಿಯವರು 'ನೇಟಿವ್' ಅಂತ ಚೀಟಿ ಅಂಟಿಸಿದ್ದನ್ನೆಲ್ಲ ನಂಬಬೇಡಿ. ಎಲ್ಲಿಯ ನೇಟಿವ್ ಅಂತ ಒಂದು ಮಾತು ಕೇಳಿ. ನನಗೆ ನಾಗೇಯಾ ನೆಡಬೇಕು ಅನ್ನಿಸಿದ್ದು ಮಗಳ ಪ್ರಶ್ನೆಗೆ, ಸ್ವಲ್ಪ ಹಟಕ್ಕೆ.

ಜಾಗ ಇತ್ತು. ಒಂದೂವರೆ ಎಕರೆ ಇಳಿಜಾರು. ಕೆಳಗೆ ಇಲ್ಲಿಯವರು ಕುಳಾಗರ್ ಅನ್ನುವ ತೋಟ. ಅಡಿಕೆ, ತೆಂಗು, ಬಾಳೆ, ಕಾಳುಮೆಣಸು, ನಾಲ್ಕು ಜಾಯಿಕಾಯಿ ಮರ. ಮೇಲಿನಿಂದ ಒರತೆಯ ನೀರು ಕಾಲುವೆಯಲ್ಲಿ ಇಳಿದು ಬರುತ್ತದೆ. ನಮ್ಮೂರಿನ ತೋಟವನ್ನೇ ತಂದು ಇಟ್ಟ ಹಾಗಿದೆ. ಈ ಜಾಗ ನೋಡಲು ಬಂದ ದಿನ ಅಪ್ಪಯ್ಯ ಕಾಲುವೆಯಲ್ಲಿ ಕಾಲಿಟ್ಟು ಸುಮಾರು ಹೊತ್ತು ಕೂತಿದ್ದರು, ಅಷ್ಟರ ಮೇಲೇ ವ್ಯವಹಾರ ಮುಗಿಯಿತು.

ಮೊದಲ ಪ್ರಯತ್ನ ಕೆಟ್ಟಿತು. ಆನ್‌ಲೈನ್‌ನಲ್ಲಿ ಒಬ್ಬರು 'ಇಂಡಿಯನ್ ಪೋಡೋಕಾರ್ಪಸ್' ಅಂತ ಕಳಿಸಿದ ಗಿಡ ಬೇರೆಯೇ ಆಗಿತ್ತು. ಸಪೂರ ಎಲೆ, ನಡುವೆ ಸ್ಪಷ್ಟವಾದ ಗೆರೆ. ಹೋಟೆಲುಗಳ ಮುಂದೆ ಬೇಲಿಗೆ ಹಾಕುತ್ತಾರಲ್ಲ, ಜಪಾನ್-ಚೀನಾ ಕಡೆಯದು, ಅದು. ಫೋನ್ ಮಾಡಿದರೆ "ಮೇಡಂ, ಎರಡೂ ಒಂದೇ ಫ್ಯಾಮಿಲಿ" ಅಂದರು. ಫ್ಯಾಮಿಲಿ ಒಂದೇ ಹೌದು. ನನ್ನ ನಾದಿನಿಯೂ ನಾನೂ ಒಂದೇ ಫ್ಯಾಮಿಲಿ.

ಕಾಡಿನಿಂದ ಕಿತ್ತು ತರುವ ಯೋಚನೆಯನ್ನೇ ಮಾಡಬಾರದು. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಮೊದಲೇ ಕಡಿಮೆ ಇರುವ ಮರ. ಕೊನೆಗೆ ಕೇರಳದ ಒಂದು ನರ್ಸರಿಯಲ್ಲಿ ಬೀಜದಿಂದ ಎಬ್ಬಿಸಿದ ಸಸಿಗಳು ಇವೆ ಅಂತ ತಿಳಿಯಿತು. 2018ರ ಮೇ ಕೊನೆಯಲ್ಲಿ ನಾನೂ ಮಗಳೂ ಹೋದೆವು. ಅಲ್ಲಿಯ ಹಿರಿಯರು ಎರಡೇ ಮಾತು ಹೇಳಿದರು. ಬೀಜ ಒಣಗಿಸಿ ಇಟ್ಟರೆ ಹುಟ್ಟುವುದಿಲ್ಲ, ಹಸಿಯಾಗಿಯೇ ಹಾಕಬೇಕು. ಮತ್ತೆ, ಬುಡದ ಮಣ್ಣನ್ನು ಯಾವ ಕಾರಣಕ್ಕೂ ಉದುರಿಸಬೇಡಿ. ಈ ಕುಟುಂಬದ ಮರಗಳ ಬೇರಿನಲ್ಲಿ ಸಣ್ಣ ಸಣ್ಣ ಗಂಟುಗಳಿರುತ್ತವೆ, ಅವುಗಳಲ್ಲಿ ಶಿಲೀಂಧ್ರ ಮನೆ ಮಾಡಿಕೊಂಡಿರುತ್ತದೆ. ಮಣ್ಣಿನಿಂದ ರಂಜಕ ಎಳೆದು ಕೊಡುವುದು ಆ ಶಿಲೀಂಧ್ರವೇ. ಮಣ್ಣು ತೊಳೆದರೆ ಗಿಡ ಹಸಿದುಕೊಂಡು ಕೂರುತ್ತದೆ. ಮೂರು ಸಸಿ ತಗೊಂಡೆವು. ತ್ರಿಶ್ಶೂರಿನಿಂದ ಮಡಗಾಂವ್‌ವರೆಗೆ ರಾತ್ರಿ ರೈಲಿನಲ್ಲಿ ಸೀಟಿನ ಕೆಳಗೆ ರಟ್ಟಿನ ಡಬ್ಬ. ಎದುರಿನ ಸೀಟಿನವರು ಎರಡು ಸಲ ಬಗ್ಗಿ ನೋಡಿದರು. ಹಲಸಿನ ಹಣ್ಣು ಅಂದುಕೊಂಡಿರಬೇಕು.

ಆಯಿ, ಅಂದರೆ ನನ್ನ ಅಮ್ಮ, ಆಗ ನಮ್ಮನೆಗೆ ಬಂದಿದ್ದಳು. ಡಬ್ಬ ಬಿಚ್ಚಿದ್ದೇ ಹೇಳಿದಳು, "ಕೂಸೇ, ಇದೆಂತದೇ? ಪೈನ್ ಹೇಳಿದ್ಯಲೇ, ಇದು ಬಕುಳದ ಸಸಿ ಕಂಡಂಗೆ ಕಾಣ್ತು."

ಆಯಿಯ ಕಣ್ಣು ತಪ್ಪಿಲ್ಲ. ನಾಗೇಯಾ ಎಲೆ ಅಗಲ. ದಪ್ಪ, ಹೊಳಪು, ಉದ್ದ ಹತ್ತು ಹದಿನೈದು ಸೆಂಟಿಮೀಟರ್. ಕಡ್ಡಿಯ ಮೇಲೆ ಎದುರುಬದುರು ಜೋಡಿಯಾಗಿ ಬರುತ್ತವೆ. ಸೂಜಿಯ ಸುದ್ದಿಯೇ ಇಲ್ಲ. ಪೈನ್ ಮರದ ಆ ಒಣ ಕಾಯಿ, ಕ್ರಿಸ್‌ಮಸ್ ಅಲಂಕಾರಕ್ಕೆ ಬಳಸುವುದು, ಅದೂ ಇಲ್ಲ. ದೊಡ್ಡ ಮರ ಬಿಡುವುದು ಗುಂಡನೆಯ ಒಂದು ಬೀಜ, ಅದರ ಕೆಳಗೆ ಊದಿಕೊಂಡ ತಿರುಳಿನ ತೊಟ್ಟು. ಗೊತ್ತಿಲ್ಲದವರು ಹಣ್ಣು ಅಂತಲೇ ಅನ್ನುತ್ತಾರೆ. ಮತ್ತೆ ಇದು ಕೋನಿಫರ್ ಹೇಗೆ? ಹೂ ಬಿಡುವುದಿಲ್ಲ, ಅದಕ್ಕೆ. ಬಕುಳ ಅಲ್ಲ ಅನ್ನುವುದಕ್ಕೆ ಗುರುತು ಎಲೆಯಲ್ಲೇ ಇದೆ. ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ನಡುನರ ಇಲ್ಲ. ಬುಡದಿಂದ ತುದಿಗೆ ಹತ್ತಾರು ಗೆರೆಗಳು ಒಂದರ ಪಕ್ಕ ಒಂದು ಸುಮ್ನೆ ಓಡುತ್ತವೆ. ಬಿದಿರಿನ ಎಲೆಗಾದರೂ ನಡುವೆ ಒಂದು ಗೆರೆ ಇರುತ್ತದೆ, ಇದಕ್ಕೆ ಅದೂ ಇಲ್ಲ. ಬಕುಳದ ಎಲೆಯನ್ನೂ ಇದನ್ನೂ ಒಟ್ಟಿಗೆ ಹಿಡಿದು ತೋರಿಸಿದೆ. ಆಯಿ ಕನ್ನಡಕ ಹಾಕಿಕೊಂಡು ನೋಡಿ, "ಹೌದಲೇ" ಅಂದು, ಬಕುಳದ ಎಲೆ ಬಿಸಾಡಿ ಇದನ್ನು ಸೆರಗಿನ ತುದಿಗೆ ಸುತ್ತಿಕೊಂಡಳು.

ಇದರ ಜಪಾನಿ ನೆಂಟನಿಗೆ ಅಲ್ಲಿ 'ನಾಗಿ' ಅನ್ನುತ್ತಾರೆ. ನಾಗೇಯಾ ಅನ್ನುವ ಹೆಸರು ಬಂದದ್ದೇ ಅಲ್ಲಿಂದ, ನಮ್ಮ ನಾಗನಿಗೂ ಅದಕ್ಕೂ ಸಂಬಂಧವಿಲ್ಲ. ನಾರಾ ಊರಿನ ಕಸುಗಾ ದೇವಸ್ಥಾನದ ಹಿಂದಿನ ಗುಡ್ಡದಲ್ಲಿ ನಾಗಿಯದ್ದೇ ಒಂದು ಕಾಡಿದೆ. ಅಲ್ಲಿಯ ಜಿಂಕೆಗಳು ಉಳಿದ ಗಿಡ ಮೇಯ್ದು ಇದನ್ನು ಬಿಟ್ಟದ್ದರಿಂದ ಅದು ಹಬ್ಬಿತು. ಎಲೆಯನ್ನು ಉದ್ದಕ್ಕೆ ಹಿಡಿದು ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ. ಅದಕ್ಕೆ ಗಂಡ ಹೆಂಡಿರ ಬಂಧ ಗಟ್ಟಿ ಇರಲಿ ಅಂತ ಹೆಂಗಸರು ಕನ್ನಡಿಯ ಹಿಂದೆ ಇಡುತ್ತಿದ್ದರಂತೆ. ನಾನು ಉದುರಿದ ಒಂದು ಎಲೆಯ ಒಂದು ತುದಿ ನಮ್ಮನೆಯವರ ಕೈಗೆ ಕೊಟ್ಟು ಎಳೆಯಿರಿ ಅಂದೆ. ಹರಿಯಲಿಲ್ಲ. "ಇಪ್ಪತ್ತು ವರ್ಷ ಆದಮೇಲೆ ಪರೀಕ್ಷೆ ಮಾಡ್ತಿದ್ದೀಯಾ?" ಅಂದರು.

ಜೂನ್ ಮೊದಲ ಮಳೆ ಬಿದ್ದ ಮೇಲೆ ನೆಟ್ಟೆವು. ಗುಂಡಿ ತೆಗೆದದ್ದು ಬದಾಮಿ ಕಡೆಯ ಕಾಕಾ. ಮೂವತ್ತು ವರ್ಷದಿಂದ ಗೋವಾದಲ್ಲಿ ಕೆಲಸ ಮಾಡಿಕೊಂಡು ಇದ್ದಾರೆ. ಇಲ್ಲಿ ಮಣ್ಣು ಅಂದರೆ ಒಂದು ಮೊಳ, ಆಮೇಲೆ ಚಿರೆಕಲ್ಲು. ಹಾರೆ ಹಾಕಿದರೆ ಠಣ್ ಅನ್ನುತ್ತದೆ. ಎರಡು ಮೊಳ ಆಳ, ಅಷ್ಟೇ ಅಗಲ ತೆಗೆಸಿ, ತೋಟದ ತರಗೆಲೆ ಗೊಬ್ಬರ ಹಾಕಿ, ನೀರು ನಿಲ್ಲದ ಹಾಗೆ ಇಳಿಜಾರಿನ ಕಡೆ ಒಂದು ಬಾಯಿ ಬಿಟ್ಟೆವು. ಗೋವಾದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮಳೆ, ಹೆಚ್ಚುಕಡಿಮೆ ಎಲ್ಲವೂ ನಾಲ್ಕೇ ತಿಂಗಳಲ್ಲಿ. ದೇವದಾರು ಕಲಿಸಿದ ಪಾಠ ಮರೆತಿರಲಿಲ್ಲ. ಎರಡನ್ನು ಹಳೆಯ ಹಲಸಿನ ಮರದ ನೆರಳಿನಲ್ಲಿ ನೆಟ್ಟೆ. ಒಂದನ್ನು ಮಾತ್ರ, ಹೇಗಾಗುತ್ತದೆ ನೋಡೋಣ ಅಂತ, ಬಯಲಿನಲ್ಲಿ. ಬಯಲಿನದ್ದು ಮರುವರ್ಷದ ಏಪ್ರಿಲ್‌ನಲ್ಲಿ ಸುಟ್ಟುಹೋಯಿತು. ದಟ್ಟ ಕಾಡಿನಲ್ಲಿ ಹುಟ್ಟುವ ಮರ, ಎಳೆಯದರಲ್ಲಿ ನೆರಳು ಬೇಕೇ ಬೇಕು. ಗೊತ್ತಿದ್ದೂ ಮಾಡಿದ್ದು, ಅದಕ್ಕೇ ಜಾಸ್ತಿ ಬೇಜಾರು.

ಉಳಿದವು ಬೆಳೆದವು ಅನ್ನಲೋ, ಇದ್ದವು ಅನ್ನಲೋ. ಮೊದಲ ವರ್ಷ ನಾಲ್ಕು ಎಲೆ. ಎರಡನೇ ವರ್ಷ ಒಂದು ಗೇಣು. ಅದೇ ಹೊತ್ತಿಗೆ ಪಕ್ಕದಲ್ಲಿ ಹಾಕಿದ ಬಾಳೆ ಗೊನೆ ಬಿಟ್ಟು, ಕಡಿದು, ಅದರ ಮರಿಯೂ ಗೊನೆ ಬಿಟ್ಟಾಗಿತ್ತು. ಕಾಕಾ ದಿನಾ ನೋಡಿ ಒಂದು ದಿನ ಹೆಸರಿಟ್ಟರು. "ಅಕ್ಕಾರ, ಇದು ಮಂದ ಗಿಡ ಐತ್ರಿ." ಮನೆಯಲ್ಲಿ ಈಗ ಅದೇ ಹೆಸರು. ಮಂದಕ್ಕೆ ನೀರು ಹಾಕಿದ್ಯಾ, ಮಂದದ ಬುಡಕ್ಕೆ ಮುಚ್ಚಿಗೆ ಹಾಕಿದ್ಯಾ.

ಡಿಸೆಂಬರ್‌ನಿಂದ ಮೇವರೆಗೆ ಅದೊಂದೇ ಕೆಲಸ. ವಾರಕ್ಕೆ ಎರಡು ಸಲ ಕಾಲುವೆ ನೀರು, ಬುಡದ ಸುತ್ತ ಒಂದು ಅಡಿ ದಪ್ಪ ಅಡಿಕೆ ಸಿಪ್ಪೆ ಮತ್ತು ತರಗೆಲೆ. ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ಬಿಡಬೇಕು, ಇಲ್ಲದಿದ್ದರೆ ಗೆದ್ದಲು. ಸರ್ಕಾರಿ ಗೊಬ್ಬರ, ಅಂದರೆ ರಾಸಾಯನಿಕ ಗೊಬ್ಬರ, ಕೊಡಲಿಲ್ಲ. ಕೊಟ್ಟಿದ್ದರೆ ಬೇಗ ಬೆಳೆಯುತ್ತಿತ್ತೇನೋ ಅಂತ ನಮ್ಮನೆಯವರು ಈಗಲೂ ಅನ್ನುತ್ತಾರೆ. ಅವರು ಬ್ಯಾಂಕಿನಲ್ಲಿದ್ದವರು, ಎಲ್ಲದಕ್ಕೂ ಬಡ್ಡಿ ನೋಡುತ್ತಾರೆ.

2021ರ ಮೇ. ತೌಕ್ತೆ ಚಂಡಮಾರುತ ಗೋವಾದ ಪಕ್ಕದಲ್ಲೇ ಹಾದುಹೋಯಿತು. ರಾತ್ರಿಯಿಡೀ ಮಾಡಿನ ಹೆಂಚು ಕುಣಿಯಿತು. ವಾಲಿದ ಕುಕ್ ಪೈನ್ ಮನೆಯ ಮೇಲೆ ಬೀಳುತ್ತದೆ ಅಂತ ನಾವು ಹಿಂದಿನ ಕೋಣೆಯಲ್ಲಿ ಮಲಗಿದೆವು. ಬೆಳಿಗ್ಗೆ ನೋಡಿದರೆ ಅದು ಹಾಗೇ ವಾಲಿಕೊಂಡು ನಿಂತಿದೆ. ಬಿದ್ದದ್ದು ಹಲಸು. ನೂರು ವರ್ಷದ್ದಂತೆ, ಬುಡಸಹಿತ. ಒಂದು ಮಂದವನ್ನು ಅಪ್ಪಚ್ಚಿ ಮಾಡಿತ್ತು. ಇನ್ನೊಂದು ಎರಡು ಕೊಂಬೆಯ ಸಂದಿಯಲ್ಲಿ, ಎಲೆ ಸಹ ಹರಿಯದೆ ನಿಂತಿತ್ತು.

ಐದಾರು ದಿನ ಕರೆಂಟ್ ಇರಲಿಲ್ಲ. ಹಲಸು ಕಡಿಸಿ ಸಾಗಿಸುವುದೇ ದೊಡ್ಡ ಗಲಾಟೆ. ಆ ಗಡಿಬಿಡಿಯಲ್ಲಿ ನಾನು ಒಂದು ವಿಷಯ ಮರೆತೆ. ನೆರಳು ಹೋಗಿತ್ತು. ಎರಡು ವಾರದಲ್ಲಿ ಉಳಿದ ಗಿಡದ ಎಲೆಗಳು ಹಳದಿಯಾಗಿ, ಅಂಚು ಕಂದುಗಟ್ಟಿದವು. ಮೂರು ವರ್ಷ ಕತ್ತಲಲ್ಲಿ ಬೆಳೆದದ್ದಕ್ಕೆ ಒಮ್ಮೆಲೇ ಇಡೀ ಆಕಾಶ. ಕಾಕಾ ನೋಡಿ ಏನೂ ಹೇಳಲಿಲ್ಲ. ನಾಲ್ಕು ಗೂಟ ಹೊಡೆದು, ಅಡಿಕೆ ಸೋಗೆ ಹೊದಿಸಿ, ಪಶ್ಚಿಮದ ಕಡೆ ಎರಡು ಪದರ ಕಟ್ಟಿದರು. ನಮ್ಮೂರಲ್ಲಿ ಎಳೆ ಅಡಿಕೆ ಸಸಿಗೆ ಹಾಗೇ ಮಾಡುತ್ತಾರೆ. ಅಪ್ಪಯ್ಯ ಇದ್ದಿದ್ದರೆ ಅವರೂ ಅದನ್ನೇ ಮಾಡುತ್ತಿದ್ದರು. ಸೋಗೆ ಪ್ರತಿ ವರ್ಷ ಒಂದೊಂದು ತೆಗೆಯುತ್ತಾ ಬಂದೆವು. ಹೋದ ವರ್ಷ ಕೊನೆಯದನ್ನೂ ತೆಗೆದೆವು. ಗಿಡ ಈಗ ನನ್ನ ತಲೆಗಿಂತ ಒಂದು ಮೊಳ ಎತ್ತರ. ತುದಿಯ ಚಿಗುರು ಹೊಸದಾಗಿ ಬಂದಾಗ ತಿಳಿ ಹಸಿರು, ಮೆತ್ತಗೆ, ಎಳೆ ಮಗುವಿನ ಕಿವಿಯ ಹಾಗೆ. ಕಾಡಿನಲ್ಲಿ ಇದು 30 ಮೀಟರ್ ದಾಟಿ ಹೋಗುವ ಮರ. ಸಣ್ಣ ಸೈಟಿನಲ್ಲಿ ಮನೆ ಪಕ್ಕ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕುಂಡದಲ್ಲಿ ಅಂತೂ ಬೇಡ.

ಇನ್ನೊಂದು ತೊಡಕು ಇದೆ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿ ನೋಡಿ ಯಾವುದು ಅಂತ ಹೇಳಲು ಆಗುವುದಿಲ್ಲ. ದೊಡ್ಡದಾಗಿ ಪರಾಗದ ತೆನೆಯೋ ಬೀಜವೋ ಬಂದ ಮೇಲೇ ಗೊತ್ತಾಗುವುದು. ಮೂರು ಇದ್ದಾಗ ಗಂಡು ಹೆಣ್ಣು ಎರಡೂ ಸಿಗುವ ಅದೃಷ್ಟ ಇತ್ತು. ಒಂಟಿ ಮರ ಹೆಣ್ಣೇ ಆಗಿದ್ದರೂ ಹುಟ್ಟುವ ಬೀಜ ಕೊಡಲಾರದು. ಘಟ್ಟದಲ್ಲಿ ಇರುವ ಇದರ ನೆಂಟರಿಂದ ಫೋಂಡಾಕ್ಕೆ ಪರಾಗ ಹಾರಿ ಬರುವ ಮಾತಂತೂ ಇಲ್ಲ.

ಹಾಗಾಗಿ ಈ ವರ್ಷ ಮತ್ತೆ ಎರಡು ಸಸಿ ತರಿಸಿದ್ದೇನೆ. ಅದೇ ನರ್ಸರಿಯಿಂದ. ಈ ಸಲ ಮಗಳು ಬೆಂಗಳೂರಿನಿಂದ ಹೋಗಿ ತಂದುಕೊಟ್ಟಳು. ಆಯಿಗೆ ಈಗ ಎಂಬತ್ನಾಲ್ಕು, ಫೋನಿನಲ್ಲಿ ಕೇಳಿದಳು, "ಅದು ಕಾಯಿ ಬಿಡೂದು ಯಾವಾಗ್ಲೇ?" ನನಗೆ ಅರುವತ್ತು ಹತ್ತಿರ ಬಂತು. "ನಂಗೆ ಬಿಡ್ತಿಲ್ಲೆ ಆಯಿ" ಅಂದೆ. "ಎಂಗೂ ಅಡಿಕೆ ನೆಡಕಾರೆ ಹಾಂಗೇ ಹೇಳಿದ್ದ" ಅಂತ ನಕ್ಕಳು. ಯಾರು ಹೇಳಿದ್ದು ಅಂತ ಹೇಳಲಿಲ್ಲ.

ನಿನ್ನೆ ಗುಂಡಿ ತೆಗೆಯಲು ಕಾಕಾ ಬಂದರು. ಹಾರೆಯನ್ನು ಹೆಗಲ ಮೇಲೆ ಇಟ್ಟುಕೊಂಡು ದೊಡ್ಡ ಗಿಡದ ಬುಡದಲ್ಲಿ ನಿಂತು ಮೇಲೆ ನೋಡಿದರು.

"ಎಷ್ಟು ದೂರ ತೆಗೀಲ್ರಿ ಅಕ್ಕಾರ?"

"ಹತ್ತು ಮಾರು ಬಿಡಿ ಕಾಕಾ."

"ಈ ಮಂದಕ್ಕ ಹತ್ತು ಮಾರ?" ಅಂದರು. ಆದರೂ ಹಾರೆ ಕೆಳಗಿಟ್ಟು, ಎರಡೂ ಕೈ ಚಾಚಿ, ಒಂದು ಎರಡು ಅಂತ ಎಣಿಸುತ್ತಾ ಅಳೆದುಕೊಂಡು ಹೋದರು. ಹತ್ತನೇ ಮಾರಿಗೆ ನಿಂತಲ್ಲಿ ಹಲಸಿನ ಹಳೆಯ ಬೇರು ಸಿಕ್ಕಿತು, ಪುಡಿಪುಡಿಯಾಗಿ ಕೊಳೆತದ್ದು, ಕಪ್ಪಗೆ. ಮುಷ್ಟಿಯಲ್ಲಿ ಎತ್ತಿ ಮೂಸಿ ನೋಡಿದರು.

"ಇಲ್ಲಿ ಹಾರಿ ಬ್ಯಾಡ್ರಿ," ಅಂದರು, "ಸಲಿಕಿ ಸಾಕು."